ಕಪ್ಪು ದಾರ ಹೆಚ್ಚಾಗಿದೆ

ಗುಂಡಿ, ದಾರ, ಜಿಪ್, ಲೇಸು ಮಾರುವ ಆ ಅಂಗಡಿ ಅಗಲಕ್ಕೆ ಎರಡು ಮಾರು, ಎತ್ತರಕ್ಕೆ ಮುನ್ನೂರು ಡಬ್ಬಿ. ಯಾವುದರಲ್ಲಿ ಏನಿದೆ ಎಂಬುದೆಲ್ಲ ಅತ್ತೆಯ ತಲೆಯಲ್ಲಿತ್ತು. ಕಣ್ಣಿನ ಆಪರೇಷನ್ನಿಗೆಂದು ಆ ತಲೆಯೇ ಹತ್ತು ದಿನ ರಜೆ ಹಾಕಿದಾಗ ಸೊಸೆಗೆ ಒಳಗೊಳಗೇ ಹಿಗ್ಗು. ಈ ಹತ್ತು ದಿನ ಸರಿಯಾಗಿ ನಡೆಸಿದರೆ ಆರ್ಡರ್ ಪುಸ್ತಕ ನಿನ್ನದೇ ಎಂದು ಅತ್ತೆ ಮಾತು ಕೊಟ್ಟಿದ್ದರು. ಮದುವೆಯಾಗಿ ಬಂದ ಮೂರು ತಿಂಗಳಿಂದ ಬರೀ ಲೇಸು ಕತ್ತರಿಸಿಕೊಂಡಿದ್ದವಳಿಗೆ ಆ ಪುಸ್ತಕದ ಮೇಲೇ ಕಣ್ಣು.

“ಚೀಟಿ ನೋಡ್ಕೊಂಡು ಆರ್ಡರ್ ಬರೆಸು,” ಎಂದು ಅತ್ತೆ ಹೊರಟರು. ಕಪ್ಪು ದಾರ, ಬಿಳಿ ದಾರ, ಅಂಗಿ ಗುಂಡಿ, ಹೀಗೆ ಹಲವು ಡಬ್ಬಿಗಳ ಮೇಲೆ ಒಂದೇ ಚೀಟಿ: ‘ಹೆಚ್ಚಾಗಿದೆ’.

ಪಾಪ, ವಯಸ್ಸಾಯಿತು, ತರಿಸಿದ್ದನ್ನೇ ತರಿಸುತ್ತಾರೆ ಎಂದು ಸೊಸೆ ಮರುಕಪಟ್ಟಳು. ಏಣಿ ಹತ್ತುವ ಗೋಜಿಗೆ ಹೋಗಲಿಲ್ಲ. ಸಗಟು ವ್ಯಾಪಾರಿಗೆ ಚೀಟಿ ಇಲ್ಲದ್ದನ್ನೆಲ್ಲ ಧಾರಾಳವಾಗಿ ಬರೆಸಿದಳು. ನೇರಳೆ ಜಿಪ್ಪೇ ನಲವತ್ತು ಡಜನ್.

ಮಾಲು ಬಂದ ಮರುದಿನ ಎದುರು ಬೀದಿಯ ದರ್ಜಿ ಬಂದ.

“ಕಪ್ಪು ದಾರ ಆರು ಕೊಡಿ.”

“ಆರೇನು, ಅರವತ್ತು ತಗೊಳ್ಳಿ, ಹೆಚ್ಚಾಗಿದೆ,” ಎನ್ನುತ್ತ ಸೊಸೆ ಏಣಿ ಹತ್ತಿ ಡಬ್ಬಿ ತೆರೆದಳು. ಒಳಗೆ ಒಂದು ಎಳೆಯೂ ಇರಲಿಲ್ಲ.

ದರ್ಜಿ ಕೆಳಗಿನಿಂದಲೇ ಚೀಟಿ ಓದಿ ನಕ್ಕ. “ಸರಿಯಾಗೇ ಬರ್ದಿದಾರಲ್ಲಮ್ಮ. ಅಂಗಡೀಲಿ ಇಲ್ಲ, ಮುಗೀತು ಅನ್ನೋ ಮಾತು ಅಪಶಕುನ ಅಂತ ನಿಮ್ಮತ್ತೆ ಬಾಯಲ್ಲಿ ಬರಲ್ಲ. ಮುಗಿದ್ರೆ ಹೆಚ್ಚಾಗಿದೆ ಅಂತಾರೆ.”

ಸೊಸೆಯ ಮುಖ ಸಣ್ಣದಾಯಿತು. ಪುಸ್ತಕ ಕೈತಪ್ಪಿದಂತೆಯೇ ಎಂದು ಅಳು ಬಂತು. ಅತ್ತರೆ ಡಬ್ಬಿ ತುಂಬುವುದಿಲ್ಲವಲ್ಲ. ಉಳಿದ ದಿನಗಳಲ್ಲಿ ಮುನ್ನೂರು ಡಬ್ಬಿಯನ್ನೂ ಇಳಿಸಿ, ಎಣಿಸಿ, ಒಳಗಿನ ಮಾಲಿನ ಒಂದೊಂದು ತುಂಡನ್ನು ಹೊರಗೆ ಅಂಟಿಸಿ, ಕೆಳಗೆ ಎಷ್ಟಿದೆಯೆಂದು ಬರೆದಳು. ವ್ಯಾಪಾರಿಯನ್ನು ಗೋಗರೆದು ಜಿಪ್ಪಿನ ಬದಲು ದಾರ, ಗುಂಡಿ ತರಿಸಿದಳು. ಎರಡು ಡಜನ್ ನೇರಳೆ ಮಾತ್ರ ಅಂಗಡಿಯಲ್ಲೇ ಠಿಕಾಣಿ ಹೂಡಿತು.

ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಸೊಸೆ ಏನನ್ನೂ ಮುಚ್ಚಿಡದೆ ಹೇಳಿದಳು. ಅತ್ತೆ ಡಬ್ಬಿಗಳ ಮೇಲೆ ಕೈಯಾಡಿಸಿ, ಅಂಟಿಸಿದ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಆರ್ಡರ್ ಪುಸ್ತಕ ತೆಗೆದು ಅವಳ ಕೈಗಿಟ್ಟರು.

“ತಗೋ. ನಿಂಗೆ ಬುದ್ಧಿ ಹೆಚ್ಚಾಗಿದೆ.”

ಸೊಸೆ ಪುಸ್ತಕವನ್ನು ಎದೆಗೊತ್ತಿಕೊಂಡೇ ಕೇಳಿದಳು: “ಯಾವ ಹೆಚ್ಚು ಅತ್ತೆ? ಎಲ್ಲರದ್ದಾ, ನಿಮ್ಮದಾ?”

“ಡಬ್ಬಿ ತೆಗೆದು ನೋಡ್ಕೋ,” ಎಂದರು ಅತ್ತೆ.