ಗೋಡೆಯ ಮೇಲಿನ ಪಟೇಲರು

ಸಮಾಜ ವಿಜ್ಞಾನದ ಮೇಷ್ಟ್ರು ಜಯಪ್ರಕಾಶ್ ಮಂಡ್ಯದಲ್ಲಿ ಮೂರು ದಿನದ ತರಬೇತಿ ಮುಗಿಸಿ ಬರುವಾಗ ಒಂದು ಬಟ್ಟೆಚೀಲ, ಕೊರಳಿಗೆ ಹಾಕುವ ಒಂದು ಬ್ಯಾಡ್ಜು ಮತ್ತು ಮೂರು ಪ್ರಶ್ನೆಗಳನ್ನು ತಂದಿದ್ದರು. ಚೀಲವನ್ನು ಹೆಂಡತಿ ತರಕಾರಿಗೆ ಇಟ್ಟುಕೊಂಡರು. ಬ್ಯಾಡ್ಜು ಒಂದು ವಾರ ಮೇಷ್ಟ್ರ ಕೊರಳಿನಿಂದ ಇಳಿಯಲಿಲ್ಲ. ಪ್ರಶ್ನೆಗಳನ್ನು ಮಾತ್ರ ಅವರು ಭಾರತೀನಗರದಿಂದ ಆರು ಕಿಲೋಮೀಟರ್ ಒಳಗಿರುವ ಕಾಳೇನಕೊಪ್ಪಲಿನ ಪ್ರೌಢಶಾಲೆಗೆ ಹೊತ್ತು ತಂದು, ಒಂಬತ್ತನೇ ತರಗತಿಯ ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದರು. ಯಾರು ಹೇಳಿದ್ದು? ಯಾವಾಗಿನದು? ಬೇರೆ ಎಲ್ಲಿ ಸಿಗುತ್ತದೆ? ಶಾಸನವಿರಲಿ, ಫೋಟೋ ಇರಲಿ, ಮೊಬೈಲಿಗೆ ಬಂದ ಮೆಸೇಜಿರಲಿ, ಈ ಮೂರನ್ನು ಕೇಳದೆ ಯಾವುದನ್ನೂ ನಂಬಬಾರದು ಎಂದು ಸಾರಿದರು.

ಮಕ್ಕಳು ಈ ಮಾತನ್ನು ಮಾತ್ರ ಏನೂ ಕೇಳದೆ ನಂಬಿಬಿಟ್ಟರು. ಮೊದಲ ಏಟು ಬಿದ್ದದ್ದು ಹೆಡ್‌ಮಾಸ್ಟರ್ ಸ್ವಾಮಿಯವರಿಗೆ. ನಿಂಬೆಹಣ್ಣಿನ ಸಿಪ್ಪೆ ತಿಂದರೆ ಸಕ್ಕರೆ ಕಾಯಿಲೆ ಮಂಗಮಾಯ ಎಂದು ಅವರು ಶಾಲೆಯ ವಾಟ್ಸಾಪ್ ಗುಂಪಿಗೆ ಕಳಿಸಿದ್ದ ಮೆಸೇಜಿನ ಡಾಕ್ಟರು ಭೂಮಿಯ ಮೇಲೆ ಎಲ್ಲೂ ಇಲ್ಲವೆಂದು ಮಕ್ಕಳು ಎರಡೇ ದಿನದಲ್ಲಿ ಪತ್ತೆ ಹಚ್ಚಿದರು. ಅಂದಿನಿಂದ ಸ್ವಾಮಿಯವರು ಗುಂಪಿನಲ್ಲಿ ಶುಭೋದಯ ಹೇಳುವುದಕ್ಕೂ ಹೆದರತೊಡಗಿದರು. ಜಯಪ್ರಕಾಶ್ ಮೇಷ್ಟ್ರಿಗೆ ಒಳಗೊಳಗೇ ಖುಷಿಯೋ ಖುಷಿ.

ಖುಷಿಗೆ ಇನ್ನೊಂದು ಕಾರಣವಿತ್ತು. ಹನ್ನೊಂದು ವರ್ಷದಿಂದ ಅವರು ಮಂಡ್ಯದ ಮನೆಯಿಂದ ದಿನಾ ಎರಡು ಬಸ್ಸು ಹತ್ತಿಳಿದು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ಬರುತ್ತಿದ್ದರು. ಈಗ ಮಂಡ್ಯದಲ್ಲೇ ಇದ್ದುಕೊಂಡು ಮೇಷ್ಟ್ರುಗಳಿಗೆ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಯ ಜಾಗವೊಂದು ಕಣ್ಣಿಗೆ ಬಿದ್ದಿತ್ತು. ಶುಕ್ರವಾರ ಅವರ ಪಾಠ ನೋಡಲು ತರಬೇತಿಯ ಅಧಿಕಾರಿ ವೀಣ ಮೇಡಂ ಬರುವವರಿದ್ದರು. ಪಾಠ ಗೆದ್ದರೆ ಬಸ್ಸಿನ ಕಾಟ ತಪ್ಪುತ್ತದೆ. ಆದ್ದರಿಂದ ಒಬ್ಬೊಬ್ಬರೂ ಒಂದೊಂದು ವಸ್ತು ಆರಿಸಿಕೊಂಡು ಅದರ ಮೂಲ ಹುಡುಕಿಕೊಂಡು ಬನ್ನಿ ಎಂದು ಮಕ್ಕಳಿಗೆ ಅಪ್ಪಣೆಯಾಯಿತು.

ಎಲ್ಲರೂ ಮೊಬೈಲು ಹಿಡಿದರೆ, ಪಕ್ಕದ ಹಳ್ಳಿಯಿಂದ ಬರುವ ಚಂದನ ತರಗತಿಯ ಗೋಡೆಯನ್ನು ಹಿಡಿದಳು. ಗೋಡೆಯ ಮೇಲೆ ಕಟ್ಟು ಹಾಕಿದ ಒಂದು ಫೋಟೋ ಇತ್ತು. ಬಿಳಿ ಪೇಟ, ಕಪ್ಪು ಕೋಟು, ಹುರಿಗೊಳಿಸಿದ ಮೀಸೆ. ಕೆಳಗೆ ಬಣ್ಣದಲ್ಲಿ, 'ಶಾಲೆಗೆ ಜಾಗ ಕೊಟ್ಟ ಪಟೇಲ್ ಬೋರೇಗೌಡರು, ಮರಣ ೧೯೪೯' ಎಂಬ ಬರಹ. ಅದಕ್ಕೆ ವರ್ಷಕ್ಕೆರಡು ಸಲ ಹಾರ ಹಾಕುವವರು ಪಟೇಲರ ಮೊಮ್ಮಗ, ಶಾಲಾ ಸಮಿತಿಯ ಅಧ್ಯಕ್ಷ ಪುಟ್ಟರಾಜು. ಅಜ್ಜನನ್ನು ಅವರು ಕಣ್ಣಾರೆ ಕಂಡವರಲ್ಲ. ಈ ಫೋಟೋ ನೋಡಿಕೊಂಡೇ ಅದೇ ಅಳತೆಯ ಮೀಸೆ ಬಿಟ್ಟು, ಪಂಚಾಯಿತಿ ಚುನಾವಣೆಯ ಫ್ಲೆಕ್ಸಿನಲ್ಲಿ ಅಜ್ಜನ ಪಕ್ಕ ತಾವೂ ನಿಂತು, 'ಅದೇ ಮುಖ, ಅದೇ ಗತ್ತು' ಎಂದು ಬರೆಸಿದ್ದರು.

ಗುರುವಾರ ಶಾಲೆ ಬಿಟ್ಟ ಮೇಲೆ ಚಂದನ ನೋಟ್‌ಬುಕ್ಕು ಹಿಡಿದು ಮೇಷ್ಟ್ರ ಮುಂದೆ ನಿಂತಳು. ಫೋಟೋದ ಮೂಲೆಯ ಧೂಳು ಒರೆಸಿದಾಗ ಒತ್ತಿದ ಮುದ್ರೆಯೊಂದು ಕಂಡಿತ್ತು: ನೂರ್ ಸ್ಟುಡಿಯೋ, ಮದ್ದೂರು. ಅಪ್ಪನ ಜೊತೆ ಮದ್ದೂರಿಗೆ ಹೋಗಿ ನೋಡಿದರೆ ಅದೀಗ ಜೆರಾಕ್ಸ್ ಅಂಗಡಿ. ಕೂತಿದ್ದ ಹಮೀದ್ ಸಾಹೇಬರು, ಸ್ಟುಡಿಯೋವನ್ನು ತಮ್ಮ ತಂದೆ ತೆರೆದದ್ದು ೧೯೬೨ರಲ್ಲಿ ಎಂದರಂತೆ. ಅಂದರೆ ಪಟೇಲರು ಸತ್ತು ಹದಿಮೂರು ವರ್ಷವಾದ ಮೇಲೆ ಮದ್ದೂರಿಗೆ ಹೋಗಿ ಫೋಟೋ ತೆಗೆಸಿಕೊಂಡ ಹಾಗಾಯಿತು. ಕೋಟೂ ಪೇಟವೂ ಸ್ಟುಡಿಯೋದವೇ, ಬಂದವರಿಗೆಲ್ಲ ಅವನ್ನೇ ತೊಡಿಸುತ್ತಿದ್ದೆವು ಎಂದೂ ಸಾಹೇಬರು ಹೇಳಿದ್ದರು. ಆ ಫೋಟೋ ಬಹಳ ಕಾಲ ಅವರ ಗಾಜಿನ ಕಪಾಟಿನಲ್ಲಿತ್ತು. ಪಟೇಲರದ್ದೊಂದು ಫೋಟೋವೂ ಊರಲ್ಲಿ ಇಲ್ಲದ್ದರಿಂದ, ಆಗಿನ ಹೆಡ್‌ಮಾಸ್ಟರು ಬಂದು 'ಪಟೇಲರ ಥರ ಕಾಣೋದು ಯಾವುದಾದರೂ ಕೊಡಿ' ಎಂದು ಕೇಳಿ ಒಯ್ದಿದ್ದರಂತೆ.

ಇಷ್ಟಕ್ಕೇ ಮೇಷ್ಟ್ರು ಸಾಕು ಎಂದು ಕೈ ಎತ್ತಿದರು. ಚಂದನಳ ನೋಟ್‌ಬುಕ್ಕಿನಲ್ಲಿ ಇನ್ನೂ ಒಂದು ಪುಟವಿತ್ತು. ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಚಿತ್ರವನ್ನು ಮನೆಯಲ್ಲಿ ತೋರಿಸಿದಾಗ, ಎಂಬತ್ತು ದಾಟಿದ ಮುತ್ತಜ್ಜಿ ಪಟ್ಟಲಮ್ಮ ಮೊಬೈಲನ್ನು ಕೈಯಿಂದ ಬಿಡಲೇ ಇಲ್ಲ. ಅದು ಅವಳ ಗಂಡ, ಕಬ್ಬಿನ ಗಾಡಿ ಹೊಡೆಯುತ್ತಿದ್ದ ಕರಿಯಪ್ಪ. ಮುತ್ತತ್ತಿಯ ದೇವರಿಗೆ ಹರಕೆ ಒಪ್ಪಿಸಿ ಬರುವಾಗ ಮದ್ದೂರಿನಲ್ಲಿ ತೆಗೆಸಿದ ಫೋಟೋ. ಮನೆಗೆ ತಂದಿದ್ದ ಒಂದೇ ಪ್ರತಿ, ಸೋರುವ ಮಾಡಿನಡಿ ಕೊಳೆತುಹೋಯಿತು, ಮಕ್ಕಳು ಚಿಕ್ಕವರಿರುವಾಗಲೇ ಕರಿಯಪ್ಪನೂ ಹೋದ. ಐವತ್ತು ವರ್ಷದಿಂದ ಆ ಮನೆಯವರು ಅವನ ಮುಖ ನೋಡಿರಲಿಲ್ಲ.

ನಾಳೆ ಇದನ್ನೇ ಹೇಳುತ್ತೇನೆ ಎಂದಳು ಚಂದನ. ಮೇಷ್ಟ್ರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ನಾಳೆ ಮೇಡಂಗೆ ಊಟ ಪುಟ್ಟರಾಜು ಅವರ ಮನೆಯಿಂದಲೇ ಬರುತ್ತದೆ, ನೀನು ಆ ನಿಂಬೆಹಣ್ಣಿನದ್ದೇ ಹೇಳು, ಅದು ಚೆನ್ನಾಗಿದೆ ಎಂದರು.

ಚಂದನ ಕರಿಹಲಗೆಯ ಕಡೆ ನೋಡಿದಳು. "ಆ ಮೂರು ಪ್ರಶ್ನೆನ ಗ್ವಾಡೆಗೆ ಕೇಳ್ಬಾರ್ದಾ ಸಾ?"

"ಗೋಡೆ ಮೇಲಿರೋದು ಫಾರ್ವರ್ಡ್ ಅಲ್ಲ ಕಣಮ್ಮ," ಎಂದರು ಮೇಷ್ಟ್ರು. ಹೇಳಿದ ಮೇಲೆ ಆ ಮಾತು ಅವರಿಗೇ ಬಹಳ ಹಿಡಿಸಿತು. ಮುಂದೆಂದಾದರೂ ತರಬೇತಿಯಲ್ಲಿ ಬಳಸಬಹುದು ಎಂದುಕೊಂಡರು.

ಶುಕ್ರವಾರ ನಿಂಬೆಹಣ್ಣು ಗೆದ್ದಿತು. ವೀಣ ಮೇಡಂ ತಲೆದೂಗಿದರು. ಹಿಂದಿನ ಕುರ್ಚಿಯಲ್ಲಿ ಪುಟ್ಟರಾಜು ಮೀಸೆ ನೀವಿಕೊಳ್ಳುತ್ತಿದ್ದರು. ಗಂಟೆ ಹೊಡೆಯಲು ಇನ್ನೇನು ಎರಡು ನಿಮಿಷವಿದೆ ಎನ್ನುವಾಗ ಮೇಡಂ ಕಣ್ಣು ಗೋಡೆಯ ಮೇಲೆ ಬಿತ್ತು. ಮೊಬೈಲು ಸಾಕು, ಈ ಚಿತ್ರಕ್ಕೆ ಮೂರು ಪ್ರಶ್ನೆ ಕೇಳೋಣ, ಯಾರು ಉತ್ತರ ಹೇಳುತ್ತೀರಿ ಎಂದರು. ಇಡೀ ತರಗತಿಯ ಕತ್ತು ಚಂದನಳ ಕಡೆ ತಿರುಗಿತು. ಅವಳು ಅರ್ಧ ಎದ್ದಿದ್ದಳು. ಅಷ್ಟರಲ್ಲಿ ಮೇಷ್ಟ್ರ ಬಾಯಿ ಮುಂದೆ ಓಡಿತು.

"ಪಟೇಲರ ಮನೆಯವರೇ ಕೊಟ್ಟಿದ್ದು ಮೇಡಂ. ನಲವತ್ತಾರನೇ ಇಸವಿದು. ಇದರ ಇನ್ನೊಂದು ಪ್ರತಿ ಅವರ ಮನೇಲೇ ಇದೆ."

ಮೂರು ಪ್ರಶ್ನೆಗೆ ಮೂರು ಸುಳ್ಳು, ಕರಿಹಲಗೆಯ ಮೇಲಿದ್ದ ಕ್ರಮದಲ್ಲೇ, ಒಂದೇ ಉಸಿರಿನಲ್ಲಿ. ಇದನ್ನೆಲ್ಲ ಜನ್ಮದಲ್ಲೇ ಮೊದಲ ಸಲ ಕೇಳುತ್ತಿದ್ದ ಪುಟ್ಟರಾಜು, ಹೌದು, ನಮ್ಮಜ್ಜಿ ಯಾವಾಗಲೂ ಹೇಳುತ್ತಿದ್ದರು ಎಂದು ದನಿಗೂಡಿಸಿದರು. ಮೇಡಂ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಸ್ಥಳೀಯ ಆಧಾರಕ್ಕೆ ಒಳ್ಳೆಯ ಉದಾಹರಣೆ ಎಂದು ಬರೆದುಕೊಂಡರು. ಚಂದನ ಕೂತಳು.

ಎಲ್ಲರೂ ಊಟಕ್ಕೆ ಹೋದಾಗ ಮೇಷ್ಟ್ರು ಮರೆತಿದ್ದ ಬ್ಯಾಡ್ಜಿಗಾಗಿ ತರಗತಿಗೆ ಬಂದರು. ಫೋಟೋದ ಕೆಳಗೆ ಮುದುಕಿಯೊಬ್ಬಳು ನಿಂತಿದ್ದಳು. ಪಟ್ಟಲಮ್ಮ ಬೆಳಿಗ್ಗೆ ಮರಿಮಗಳ ಜೊತೆಯೇ ಬಸ್ಸು ಹತ್ತಿ ಬಂದು, ಅಷ್ಟು ಹೊತ್ತೂ ಜಗಲಿಯಲ್ಲಿ ಕೂತಿದ್ದಳು. ಒಳಗೆ ಆಡಿದ್ದೆಲ್ಲ ಅವಳಿಗೆ ಕೇಳಿಸಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಗಂಡನ್ ಎಸ್ರ ನಾನು ಯೋಳಂಗಿಲ್ಲ ಮೇಸ್ಟ್ರೇ. ನಮ್ ಕಾಲ್ದೋರು ಯೋಳಾಕಿಲ್ಲ," ಎಂದಳು. "ನೀವು ಓದ್ದೋರು. ಇವ್ರ ಮುಂದೆ ನಿಂತ್ಕಂಡು ಒಂದ್ಸಲ ಯೋಳ್ಬುಡಿ. ಕೇಳ್ಕಂಡು ಓಯ್ತೀನಿ."

ಕೇಳಿದ್ದು ನಾಲ್ಕಕ್ಷರ. ಕಿಟಕಿಯಾಚೆ ನಲ್ಲಿಯ ಹತ್ತಿರ ಪುಟ್ಟರಾಜು ಕೈ ತೊಳೆಯುತ್ತಿದ್ದರು. ಮೇಷ್ಟ್ರು ಬಾಯಿ ತೆರೆದು, ಊಟ ಆಯ್ತಾ ಅಜ್ಜಿ ಎಂದು ಕೇಳಿದರು. ಪಟ್ಟಲಮ್ಮ ಅವರನ್ನು ಒಂದು ಗಳಿಗೆ ನೋಡಿ, ಆಯ್ತು ಎಂದು ಹೊರಟುಹೋದಳು. ಬಸ್ಸಿನಲ್ಲಿ ಮೇಷ್ಟ್ರಿಗೆ ಬಹಳ ನಾಚಿಕೆಯಾಯಿತು. ಮಂಡ್ಯ ಬರುವಷ್ಟರಲ್ಲಿ ಸ್ವಲ್ಪ ಕಡಿಮೆಯಾಯಿತು.

ಸಂಪನ್ಮೂಲ ವ್ಯಕ್ತಿಯ ಆರ್ಡರು ಬಂತು. ತರಬೇತಿಯ ಕೈಪಿಡಿಯೂ ಅಚ್ಚಾಗಿ ಶಾಲೆಗಳಿಗೆ ಹೋಯಿತು. ಅದರಲ್ಲಿ ಗೋಡೆಯ ಫೋಟೋವನ್ನು ಮಾದರಿ ಅಭ್ಯಾಸವಾಗಿ ಹಾಕಿ, ಮೇಷ್ಟ್ರ ಮೂರು ಉತ್ತರಗಳನ್ನು ಪಕ್ಕದಲ್ಲಿ ಕೊಟ್ಟಿದ್ದರು. ಜನವರಿಯ ಮೊದಲ ವಾರ ಮಳವಳ್ಳಿಯಲ್ಲಿ ನಲವತ್ತು ಜನ ಮೇಷ್ಟ್ರುಗಳ ಮುಂದೆ ಜಯಪ್ರಕಾಶ್ ಆ ಪುಟ ತೆರೆಯಿರಿ ಎಂದಾಗ ಜಾಕಿಯಾ ಎಂಬ ಮೇಡಂ ಎದ್ದು ನಿಂತರು. ಅವರ ಶಾಲೆಯ ಮಕ್ಕಳು ಚಿತ್ರದ ಮೂಲೆಯ ಮುದ್ರೆ ನೋಡಿ ಮದ್ದೂರಿಗೆ ಫೋನು ಮಾಡಿದ್ದರು. ನಿಮ್ಮದು ಹನ್ನೊಂದನೇ ಶಾಲೆ ಕಣಮ್ಮ, ನನಗೆ ಜೆರಾಕ್ಸ್ ಮಾಡಲು ಪುರುಸೊತ್ತಿಲ್ಲ ಎಂದು ಹಮೀದ್ ಸಾಹೇಬರು ಗೋಳಾಡಿದ್ದರು. ನಲವತ್ತೊಂಬತ್ತರಲ್ಲಿ ಸತ್ತವರ ಫೋಟೋ ಅರವತ್ತೆರಡರಲ್ಲಿ ಶುರುವಾದ ಸ್ಟುಡಿಯೋದಲ್ಲಿ ಹೇಗೆ ತೆಗೆದರು ಎಂದು ಜಾಕಿಯಾ ಕೇಳಿದರು.

ಮೇಷ್ಟ್ರು ಪುಟ ಮುಂದಕ್ಕೆ ತಿರುವಿ, ಮತ್ತೆ ಹಿಂದಕ್ಕೆ ತಿರುವಿದರು. ಆದರೆ ಮುಖ ನಗುತ್ತಿತ್ತು. ಇದನ್ನು ನೀವು ಕಂಡುಹಿಡಿಯುತ್ತೀರೋ ಇಲ್ಲವೋ ನೋಡೋಣ ಎಂದೇ ತಪ್ಪು ಉತ್ತರ ಹಾಕಿಸಿದ್ದು ಎಂದರು. ಸಭೆ ಚಪ್ಪಾಳೆ ತಟ್ಟಿತು. ಜಾಕಿಯಾ ಕೂರಲಿಲ್ಲ. "ಹಾಗಾದ್ರೆ ಇವರು ಯಾರು ಸಾರ್?"

ಅಲ್ಲಿ ಪುಟ್ಟರಾಜು ಇರಲಿಲ್ಲ. "ಕರಿಯಪ್ಪ," ಎಂದರು ಮೇಷ್ಟ್ರು, "ಕಬ್ಬಿನ ಗಾಡಿ ಹೊಡೀತಿದ್ದವರು." ನಲವತ್ತು ಪೆನ್ನುಗಳು ಬರೆದುಕೊಂಡವು. ಅಷ್ಟು ಸಲೀಸಾಗಿ ಆ ಹೆಸರು ಬಾಯಿಗೆ ಬಂದದ್ದೇ ಅವರಿಗೆ ಚುಚ್ಚಿತು. ಅದನ್ನು ಕೇಳಬೇಕಾಗಿದ್ದವಳು ಅಲ್ಲಿರಲಿಲ್ಲ.

ನಲವತ್ತು ಮೇಷ್ಟ್ರುಗಳೆಂದರೆ ನಲವತ್ತು ವಾಟ್ಸಾಪ್ ಗುಂಪು. ಸುದ್ದಿ ಕಾಳೇನಕೊಪ್ಪಲಿಗೆ ತಲುಪಿತು. ಯಾರೂ ಪುಟ್ಟರಾಜು ಅವರ ಎದುರು ಆಡಲಿಲ್ಲ, ಅವರೂ ಕೇಳಿಸಿಕೊಳ್ಳಲಿಲ್ಲ. ಮೀಸೆ ಮಾತ್ರ ಒಂದಂಗುಲ ಗಿಡ್ಡವಾಗಿತ್ತು.

ಜನವರಿ ಇಪ್ಪತ್ತಾರಕ್ಕೆ ಆ ಹಳೆಯ ಶಾಲೆಯಲ್ಲಿ ಜಯಪ್ರಕಾಶ್ ಮೇಷ್ಟ್ರೇ ಅತಿಥಿ. ಕರಿಯಪ್ಪನ ಹೆಸರನ್ನು ಭಾಷಣದ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು. ಪುಟ್ಟರಾಜು ಎದುರು ಬಂದು ಕೈಕುಲುಕಿದ ಮೇಲೆ ಆ ಹಾಳೆಯನ್ನು ಮಡಚಿ ಜೇಬಿಗೆ ಇಳಿಸಿದರು. ಅತಿಥಿಗಳ ಸಾಲಿನ ಕೊನೆಯಲ್ಲಿ, ಮೇಷ್ಟ್ರ ಪಕ್ಕದಲ್ಲೇ, ಮಕ್ಕಳು ಒಂದು ಕುರ್ಚಿ ಹೆಚ್ಚಿಗೆ ಹಾಕಿದ್ದರು. ಅದರಲ್ಲಿ ಪಟ್ಟಲಮ್ಮ ಹೊಸ ಸೀರೆ ಉಟ್ಟು ಕೂತಿದ್ದಳು. ಫೋಟೋ ಗೋಡೆಯಿಂದ ಇಳಿದು ಎದುರಿನ ಮೇಜಿನ ಮೇಲಿತ್ತು. ಮೈಕಿನ ಮುಂದೆ ನಿರೂಪಣೆಗೆ ಚಂದನ.

"ಈಗ ಅಧ್ಯಕ್ಷರು ಕರಿಯಪ್ಪನವರ ಭಾವಚಿತ್ರಕ್ಕೆ ಹಾರ ಹಾಕಿ ನಮಸ್ಕರಿಸಬೇಕೆಂದು ಕೇಳಿಕೊಳ್ಳುತ್ತೇನೆ."

ಪುಟ್ಟರಾಜು ಹಾರ ಹಿಡಿದು ಆಗಲೇ ಮೇಜಿನ ಮುಂದೆ ನಿಂತಿದ್ದರು. ಹಾರ ಕೆಳಗಿಟ್ಟರೆ ಫೋಟೋ ಅಜ್ಜನದ್ದಲ್ಲ ಎಂದು ಒಪ್ಪಿಕೊಂಡ ಹಾಗೆ. ಮೂವತ್ತು ವರ್ಷದ ಹಾರಗಳೂ, ಫ್ಲೆಕ್ಸೂ, ಮೀಸೆಯೂ ಒಟ್ಟಿಗೇ ನೀರಿಗೆ ಬಿದ್ದ ಹಾಗೆ. ಅವರು ಹಾರ ಹಾಕಿದರು, ಕೈ ಮುಗಿದು ತಲೆಯನ್ನು ಒಂದಿಷ್ಟೇ ಇಳಿಸಿದರು.

ಪಟ್ಟಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮೇಷ್ಟ್ರ ಕಡೆ ವಾಲಿದಳು. ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ.

"ಎಸ್ರ ಮಗೀನೇ ಯೋಳ್ತು ಬುಡಿ. ನೀವು ಇದೊಂದ್ನಾರ ಯೋಳಿ ಮೇಸ್ಟ್ರೇ, ಅವ್ರಿಗೆ ಇನ್ನೊಂದ್ ವಸಿ ಬಗ್ಗಾಕ್ ಯೋಳಿ."