ಕೆಂಪಗೆ ಇಳಿದ ಆಯಿಲ್

"ನಾನು ಬರೀ ಕೆಮ್ಮಿದ್ರೆ ಸಾಕು, ಎಂಜಿನ್ ಆಯಿಲ್ ತಾನಾಗೇ ಇಳಿದು ಬಂದು ಪಾತ್ರೆ ಸೇರುತ್ತೆ. ಇಡೀ ಬಲ್ಗೇರಿಯಾದ ಮೆಕ್ಯಾನಿಕ್‌ಗಳು ನನ್ನ ಕಾಲಿಗೆ ಬೀಳ್ತಾರೆ!" ಎಂದು ಮೂರೂರಿಗೆ ಕೇಳುವಂತೆ ಸಾರುತ್ತ, ರಾಂಗೆಲ್ ದ್ರಾಕ್ಷಿ ಚಪ್ಪರದಡಿ ನಿಂತಿದ್ದ ಪುಟ್ಟ ಎಸ್‌ಯುವಿಯ ಕೆಳಗೆ ತೂರಿಕೊಂಡ.

ಹೆಂಡತಿ ಸ್ತೊಯಾಂಕಾ ಪಕ್ಕದಲ್ಲೇ ಮೆಣಸಿನಕಾಯಿ ಸುಡುತ್ತಿದ್ದಳು. ಸಂಜೆ ಅವಳು ಅದೇ ಕಾರಿನಲ್ಲಿ ತಂಗಿಯ ಹೆರಿಗೆಗೆ ಹೊರಡಬೇಕಿತ್ತು.

ರಾಂಗೆಲ್ ಬೋಲ್ಟ್ ಬಿಚ್ಚಿದ. ಮೆಣಸಿನ ಗೊಜ್ಜು ಬೇಯಿಸುವ ಹಳೆಯ ಪಾತ್ರೆಗೆ ಕೆಂಪು ಎಣ್ಣೆ ಧಾರೆಯಾಗಿ ಸುರಿಯಿತು.

"ರೀ, ಹಳೇ ಆಯಿಲ್ ಕಪ್ಪಗಿರಬೇಕಲ್ವಾ?"

"ನನ್ನ ಕೈಗುಣ ಕಣೇ! ನಾನು ಸಾಕಿದ ಎಂಜಿನ್‌ನಲ್ಲಿ ಆಯಿಲ್ ನಮ್ಮನೆ ವೈನ್ ಥರ ಮಾಗುತ್ತೆ."

ಸ್ತೊಯಾಂಕಾ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಿದಳು. ಅದರ ತುದಿಯಲ್ಲಿ ಕಪ್ಪು ಆಯಿಲ್ ಮೊದಲಿದ್ದಷ್ಟೇ ಇತ್ತು.

"ಎಂಜಿನ್ ಆಯಿಲ್ ಇಲ್ಲೇ ಇದೆ. ನೀವು ಖಾಲಿ ಮಾಡಿದ್ದು ಗೇರ್‌ಬಾಕ್ಸು, ಮಹಾರಾಯ್ರೇ! ಇಷ್ಟು ವರ್ಷ ಆಯಿಲ್ ಹೆಂಗೆ ಬದಲಾಯಿಸ್ತಿದ್ರಿ?"

ಅವನು ಕಾರಿನಡಿಯಿಂದ ಮೆಲ್ಲಗೆ ತೆವಳಿ ಹೊರಬಂದ.

"ನಡಿ, ಬಸ್ಸಿಗೆ ನಿನ್ನ ಚೀಲ ನಾನೇ ಹೊರ್ತೀನಿ," ಎಂದ ರಾಂಗೆಲ್ ಸಣ್ಣ ದನಿಯಲ್ಲಿ. "ಇಷ್ಟು ವರ್ಷ ಗ್ಯಾರೇಜಲ್ಲಿ ಮಾಡಿಸ್ತಿದ್ದೆ ಕಣೇ. ಬರೋವಾಗ ಕೈಗೊಂದಿಷ್ಟು ಮಸಿ ಬಳ್ಕೊಂಡು ಬರ್ತಿದ್ದೆ."