ನಾನೇ ಬರೆದ ಬೋರ್ಡು

ನಾನು ಬೋರ್ಡು ಬರೆಯುವ ಪೇಂಟರ್. ನಮ್ಮೂರ ರೈಲು ನಿಲ್ದಾಣದಲ್ಲೂ ಪಕ್ಕದ ಪ್ರಾಂತ್ಯದ ನಿಲ್ದಾಣದಲ್ಲೂ ಬೆಂಕಿ ಸುರಕ್ಷತೆಯ ನಿಯಮಗಳನ್ನು ಬರೆದವನು ನಾನೇ. ನಮ್ಮದು ನಾಲ್ಕು ಸಾಲು, ಅವರದು ಹನ್ನೊಂದು. "ಆ ಕಡೆಯವರಿಗೆ ಪ್ರಾಣಭಯ ಜಾಸ್ತಿ" ಎಂದು ಹಲ್ಲು ಕಿರಿದಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಅಕ್ಕ ಆ ಕಡೆಯ ರೈಲಿನಲ್ಲಿ ಬೋಗಿ ನೋಡಿಕೊಳ್ಳುವ ಕೆಲಸದವಳು. ಭಾವನ ಅಂಗಡಿಗೆ ಬೋರ್ಡು ಬರೆಯಲು ನಾನು ಮಗಳೊಂದಿಗೆ ಹೊರಟಾಗ ಅವಳು ಫೋನ್ ಮಾಡಿದಳು.

"ಬಣ್ಣ ತೆಳು ಮಾಡೋ ಥಿನ್ನರ್ ತರ್ಬೇಡ ಕಣೋ, ಇಲ್ಲೇ ಸಿಗತ್ತೆ. ಇಲ್ಲಿ ಚೀಲ ಬಿಚ್ಚಿ ನೋಡ್ತಾರೆ."

"ನಮ್ಮ ಕಡೆ ಯಾರೂ ಕೇಳಲ್ವಲ್ಲಕ್ಕ!"

"ಕೇಳಲ್ಲ ಅಂದ್ರೆ ಉರಿಯಲ್ಲ ಅಂತಾನಾ?"

ನಾನು ಮಹಾ ಬುದ್ಧಿವಂತ ನೋಡಿ, ಥಿನ್ನರನ್ನು ನೀರಿನ ಬಾಟಲಿಗೆ ಸುರಿದುಕೊಂಡೆ. ರೈಲು ಬದಲಿಸುವಾಗ ಚೀಲ ನೋಡಿದವರು ನೀರೆಂದುಕೊಂಡು ಬಿಟ್ಟರು. ಹತ್ತಿದ ಬೋಗಿಯಲ್ಲಿ ಅವತ್ತು ಅಕ್ಕನದೇ ಪಾಳಿ. ಅವಳಿಗೂ ಹೇಳಲಿಲ್ಲ.

ನನಗೆ ಜೊಂಪು ಹತ್ತಿತು. ಮಗಳಿಗೆ ಬಾಯಾರಿ, ಬಾಟಲಿ ತೆಗೆದು ಬಾಯಿಗೆ ಸುರಿದುಕೊಂಡಳು. ಥೂ ಎಂದು ಉಗುಳಿ ಬಾಟಲಿ ಕೈಬಿಟ್ಟಳು. ಥಿನ್ನರ್ ಸೀಟಿನ ಕೆಳಗೆಲ್ಲ ಹರಿಯಿತು. ಎದುರಿನ ಅಜ್ಜ ಕದ್ದು ಸಿಗರೇಟು ಸೇದಲು ಕಡ್ಡಿ ಗೀರುವುದರಲ್ಲಿದ್ದರು. ವಾಸನೆಗೆ ಓಡಿಬಂದ ಅಕ್ಕ ಕಡ್ಡಿಪೆಟ್ಟಿಗೆ ಕಿತ್ತುಕೊಂಡಳು. ಕಿಟಕಿ ತೆರೆಸಿ, ಜನರನ್ನು ಪಕ್ಕದ ಬೋಗಿಗೆ ಕಳಿಸಿ, ಮಗುವಿನ ಬಾಯಿ ತೊಳೆಸಿದಳು.

"ಒಳಗೆ ಹೋಯ್ತಾ ಪುಟ್ಟಿ?"

"ಇಲ್ಲ ಅತ್ತೆ, ಉಗುಳ್ಬಿಟ್ಟೆ."

ಆಮೇಲೆ ನನ್ನ ಕಡೆ ತಿರುಗಿದಳು.

"ಇಲ್ಲಿ ಸೀಟಿನ ಬಟ್ಟೆ ಬೇಗ ಹೊತ್ಕೊಳ್ಳಲ್ಲ. ಹೊಗೆ ಕಂಡ್ರೆ ಅಲಾರಂ ಕೂಗತ್ತೆ. ನಿಮ್ಮ ಕಡೆ ಬೋಗಿಗೆ ಎರಡು ಬೆಂಕಿ ಆರಿಸೋ ಸಿಲಿಂಡರ್, ಅಷ್ಟೆ. ಅಲ್ಲಿ ಚೆಲ್ಲಿದ್ರೆ ಏನ್ಮಾಡ್ತಿದ್ದೆ? ಕಾನೂನು ಒಂದೊಂದು ಕಡೆ ಒಂದೊಂದು ಥರ, ನಿಜ. ಆದ್ರೆ ಮೊದಲನೇ ಸಾಲು ಎರಡೂ ಕಡೆ ಒಂದೇ. ಏನದು, ಹೇಳು. ನೀನೇ ಬರ್ದಿದ್ದಲ್ವಾ?"

ನೆನಪಾಗಲಿಲ್ಲ. ಅಕ್ಷರ ದುಂಡಗಿದೆಯೇ ಎಂದು ನೋಡಿದ್ದೆನೇ ಹೊರತು ಏನು ಬರೆದೆನೆಂದು ಗಮನ ಕೊಟ್ಟಿರಲಿಲ್ಲ. ಪಕ್ಕದ ಬೋಗಿಯ ಬಾಗಿಲಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಬೆಂಕಿ ಹತ್ತುವ ವಸ್ತು ತರಬಾರದು" ಎಂದಳು ಮಗಳು, ತುಟಿ ಒರೆಸಿಕೊಳ್ಳುತ್ತಾ. "ನೀನು ಬರೀವಾಗ ನಾನೇ ಓದಿ ಹೇಳ್ತಿದ್ನಲ್ಲಪ್ಪ."

ಮುಂದಿನ ನಿಲ್ದಾಣದಲ್ಲಿ ವೈದ್ಯರು ನೋಡಿ, ಮಗುವಿಗೆ ಏನೂ ಆಗಿಲ್ಲ ಎಂದರು. ನಾನೇ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆ. ಮಗಳ ಮುಖ ನೋಡಲು ಮಾತ್ರ ಇವತ್ತಿಗೂ ಧೈರ್ಯ ಸಾಲದು.

ಅಣ್ಣಂದಿರೇ, ಅಕ್ಕಂದಿರೇ, ಯಾವ ಕಡೆಯ ರೈಲಾದರೂ ಸರಿ, ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್, ಗ್ಯಾಸ್, ಪಟಾಕಿ ಒಯ್ಯಬೇಡಿ. ಒಳಗೆ ಬೆಂಕಿಕಡ್ಡಿ ಗೀರಬೇಡಿ. ಯಾರೂ ಕೇಳದ ಕಡೆ ನಿಮ್ಮ ಚೀಲವನ್ನು ನೀವೇ ನೋಡಿಕೊಳ್ಳಿ. ನಿಲ್ದಾಣದ ಬೋರ್ಡನ್ನು ಒಮ್ಮೆ ನಿಂತು ಓದಿ. ಬರೆದವನೇ ಓದಿರಲಿಲ್ಲ, ನೀವಾದರೂ ಓದಿ.